ಬಿದ್ದವಳಿಗೆ ಕೇಳಿಸಿದ್ದು

"ಕನಸು," ಎಂದರು ದೊಡ್ಡ ಡಾಕ್ಟರು. "ಇನ್ನೆಷ್ಟು ಸಲ ಹೇಳ್ಲಿ ಮೇಡಂ? ಅದು ಬರೀ ಕನಸು."

ಡಾಕ್ಟರ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಮಿದುಳೊಂದಿತ್ತು. ಇನ್ಸ್‌ಪೆಕ್ಟರ್ ಅದನ್ನೆತ್ತಿಕೊಂಡು ಎರಡು ಹೋಳು ಮಾಡಿದಳು, ಕೂಡಿಸಿದಳು, ಮತ್ತೆ ಬಿಚ್ಚಿದಳು. ಸಿಟ್ಟು ಬಂದಾಗ ಕೈಗೆ ಏನಾದರೂ ಕೆಲಸ ಕೊಡುವುದು ಅವಳ ಅಭ್ಯಾಸ. ಕೊಡದಿದ್ದರೆ ಕೈ ತಾನೇ ಕೆಲಸ ಹುಡುಕಿಕೊಳ್ಳುತ್ತಿತ್ತು.

ಈ ನಿದ್ರಾ ಚಿಕಿತ್ಸಾಲಯದ ಹಿಂದಿನ ಮೆಟ್ಟಿಲಿನಿಂದ ಉರುಳಿ ಇಲ್ಲಿನ ತಂತ್ರಜ್ಞ ತಂತಿ ಮಾಮ ಸತ್ತು ಎರಡು ವಾರವಾಗಿತ್ತು. ಅದು ಅಪಘಾತವಲ್ಲ ಎನ್ನುವ ಸಾಕ್ಷಿ ಒಬ್ಬಳೇ. ಆ ಸಾಕ್ಷಿಗೆ ಇದ್ದದ್ದೇ ನಿದ್ದೆಯ ಕಾಯಿಲೆ. ಸಂಜೆಯೊಳಗೆ ಫೈಲು ಮುಚ್ಚಬೇಕೆಂದು ಮೇಲಧಿಕಾರಿ ಬೆಳಗ್ಗೆಯೇ ಫೋನ್ ಮಾಡಿ ಗದರಿಸಿದ್ದರು.

ಸಾಕ್ಷಿ ಈಗ ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಕಸುಬಿನಲ್ಲಿ ಟೈಲರ್. ಎಡಗೈ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಹೊಲಿಯುತ್ತ ಹೊಲಿಯುತ್ತ ನಿದ್ದೆ ಹೋದಾಗ ಮಿಷನ್ನಿನ ಸೂಜಿ ಬಟ್ಟೆಯ ಜೊತೆ ಉಗುರನ್ನೂ ಹೊಲಿದಿತ್ತು. ಇನ್ನೊಮ್ಮೆ ನಿದ್ದೆಗಣ್ಣಿನಲ್ಲೇ ಗಿರಾಕಿಯ ಅಂಗಿಯ ಎರಡು ತೋಳಿಗೂ ಬಾಯಿ ಮುಚ್ಚಿ ಹೊಲಿಗೆ ಹಾಕಿದ್ದಳು. ಕೈ ತೂರಿಸಲಾಗದೆ ಆತ ಅಂಗಡಿಯ ನಡುವೆ ಕೂಗಾಡಿದ್ದನಂತೆ.

ಪಕ್ಕದಲ್ಲೇ ಅವಳ ಅಕ್ಕ. ಮಾತಾಡುವಾಗಲೂ ಅವಳ ಒಂದು ಕೈ ತಂಗಿಯ ಬೆನ್ನ ಹಿಂದೆಯೇ ಇರುತ್ತಿತ್ತು, ಬಿದ್ದರೆ ಹಿಡಿಯಲು. ಕಿಟಕಿಯ ಬಳಿ ಹೆಡ್ ನರ್ಸ್ ಪೆನ್ನಿನ ಮುಚ್ಚಳ ತಿರುಗಿಸುತ್ತ ನಿಂತಿದ್ದಳು. ಬಾಗಿಲಲ್ಲಿ ಕಾನ್‌ಸ್ಟೇಬಲ್ ಮೊಬೈಲಿನಲ್ಲಿ ಎಲ್ಲವನ್ನೂ ವಿಡಿಯೋ ಮಾಡಿಕೊಳ್ಳುತ್ತಿದ್ದ.

"ನಮಗೆಲ್ಲ ಎಚ್ಚರಕ್ಕೂ ನಿದ್ದೆಗೂ ನಡುವೆ ಒಂದು ಗೋಡೆ ಇರುತ್ತೆ," ಡಾಕ್ಟರು ಪಾಠದ ಧ್ವನಿಯಲ್ಲಿ ಹೇಳಿದರು. "ನಾರ್ಕೊಲೆಪ್ಸಿ ಇರೋರಿಗೆ ಗೋಡೆ ಇಲ್ಲ, ಪರದೆ. ಗಾಳಿ ಬೀಸಿದ್ರೆ ಸರಿಯುತ್ತೆ. ಕಣ್ಣು ಮುಚ್ಚಿದ ಕೂಡ್ಲೆ ಕನಸು. ಆ ಕನಸಲ್ಲಿ ಜನ ಬರ್ತಾರೆ, ಮಾತಾಡ್ತಾರೆ. ಮಂಚದ ಕೆಳಗೆ ಯಾರೋ ಕೂತಿದ್ರು ಅಂತ ಈಕೆನೇ ನನ್ನ ಹತ್ರ ಹೇಳಿಲ್ವಾ?"

"ಹೇಳಿದೀನಿ," ಎಂದಳು ಟೈಲರ್. "ಅದು ಕನಸು ಅಂತಾನೂ ನಾನೇ ಹೇಳಿದೀನಿ. ಮಂಚದ ಕೆಳಗಿರೋನು ಕನಸು ಅಂತ ಗೊತ್ತಾಗೋಳಿಗೆ ಮೆಟ್ಟಿಲ ಕೆಳಗಿರೋನು ನಿಜ ಅಂತ ಗೊತ್ತಾಗಲ್ವಾ ಡಾಕ್ಟ್ರೇ?"

"ಪುಟ್ಟಿ, ಸಮಾಧಾನ," ಎಂದಳು ಅಕ್ಕ.

ಸಮಾಧಾನ ಎನ್ನುವುದು ಆ ಮನೆಯಲ್ಲಿ ಬರೀ ಮಾತಲ್ಲ, ಔಷಧಿ. ಜೋರಾಗಿ ನಕ್ಕರೆ, ಬೆಚ್ಚಿದರೆ, ಎಲ್ಲಕ್ಕಿಂತ ಹೆಚ್ಚಾಗಿ ಸಿಟ್ಟು ಬಂದರೆ ಟೈಲರಳ ಮೈಯ ಸ್ನಾಯುಗಳೆಲ್ಲ ಒಮ್ಮೆಲೇ ಕೈಕೊಡುತ್ತಿದ್ದವು. ಬುದ್ಧಿ ನೆಟ್ಟಗಿರುತ್ತಿತ್ತು, ಮೈ ಮಾತ್ರ ಚೀಲದ ಹಾಗೆ ಕುಸಿಯುತ್ತಿತ್ತು. ಇದಕ್ಕೆ ಕ್ಯಾಟಪ್ಲೆಕ್ಸಿ ಎಂಬ ಹೆಸರಿದೆ ಎಂದು ತಿಳಿಯುವ ಹೊತ್ತಿಗೆ ಅವಳ ಅರ್ಧ ಯೌವನ ಕಳೆದಿತ್ತು. ಅಲ್ಲಿಯವರೆಗೆ ಮೂರ್ಛೆರೋಗ ಎಂದರು, ಸೋಮಾರಿತನ ಎಂದರು, ನಾಟಕ ಎಂದರು.

ಆಮೇಲೆ ಈ ಚಿಕಿತ್ಸಾಲಯಕ್ಕೆ ಹೊಸ ಮಾತ್ರೆಯ ಪ್ರಯೋಗ ಬಂದಿತ್ತು. ಹಳೆಯ ಮಾತ್ರೆಗಳು ದಣಿದ ಎತ್ತಿಗೆ ಬಾರುಕೋಲಿನ ಏಟು ಕೊಟ್ಟ ಹಾಗೆ ಎಚ್ಚರಿಸುತ್ತಿದ್ದವು ಅಷ್ಟೇ. ಇದು ಹಾಗಲ್ಲ. ಎಚ್ಚರವನ್ನು ಕಾಯುವ ಒರೆಕ್ಸಿನ್ ಎಂಬ ರಸ ಅವಳ ಮಿದುಳಿನಲ್ಲಿ ಬತ್ತಿಹೋಗಿತ್ತು, ಈ ಮಾತ್ರೆ ಅದರ ಜಾಗದಲ್ಲಿ ನಿಂತು ಅದರ ಕೆಲಸ ಮಾಡುತ್ತಿತ್ತು. ಮಾತ್ರೆ ಹಿಡಿದ ಮೊದಲ ವಾರ ತಂತಿ ಮಾಮ ಹೇಳಿದ ಒಂದು ಪೋಲಿ ಜೋಕಿಗೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಬೀಳಲಿಲ್ಲ. ಬೀಳಲಿಲ್ಲವಲ್ಲ ಎಂದು ಅತ್ತಳು. ಆಗಲೂ ಬೀಳಲಿಲ್ಲ.

ತಂತಿ ಮಾಮ ರೋಗಿಗಳ ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆ ದಾಖಲಿಸುವ ತಂತ್ರಜ್ಞ. ಅಂಟು ತಣ್ಣಗಿರುತ್ತದೆಂದು ಮೊದಲು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡುತ್ತಿದ್ದ. ಪರೀಕ್ಷೆ ಮುಗಿದ ಮೇಲೆ ಕೂದಲಿನಿಂದ ಅಂಟು ಬಿಡಿಸಿ ಬಾಚದೆ ಯಾರನ್ನೂ ಮನೆಗೆ ಕಳಿಸಿದವನಲ್ಲ.

ಅವನು ಸತ್ತ ದಿನ ಟೈಲರಳಿಗೆ ಹಗಲು ನಿದ್ದೆಯ ಪರೀಕ್ಷೆ ಇತ್ತು. ಅದಕ್ಕಾಗಿ ಆ ವಾರ ಮಾತ್ರೆ ನಿಲ್ಲಿಸಿದ್ದರು, ಸಾವಿನ ಗಲಾಟೆಯಲ್ಲಿ ಅದು ಮತ್ತೆ ಶುರುವಾಗಿರಲಿಲ್ಲ. ಒಂದು ನಿದ್ದೆಗೂ ಇನ್ನೊಂದಕ್ಕೂ ನಡುವಿನ ಬಿಡುವಿನಲ್ಲಿ ಹಿಂದಿನ ಮೆಟ್ಟಿಲ ಕಡೆಯಿಂದ ಚೀರಿದ ಸದ್ದು. ಓಡಿ ಬಂದು ನೋಡಿದರೆ ಕೆಳಗೆ ತಂತಿ ಮಾಮ ಕತ್ತು ವಾಲಿಸಿಕೊಂಡು ಬಿದ್ದಿದ್ದ. ಅಷ್ಟೇ ಕಂಡದ್ದು. ಮೊಣಕಾಲು ಸೋತು ಅವಳೂ ಗೋಡೆಗೆ ಮುಖ ಮಾಡಿ ಬಿದ್ದಳು. ಉಳಿದದ್ದೆಲ್ಲ ಕಿವಿಗೆ ಬಿದ್ದದ್ದು.

"ಇನ್ನೊಂದು ಸಲ ಹೇಳಿ," ಎಂದಳು ಇನ್ಸ್‌ಪೆಕ್ಟರ್.

"ಡಾಕ್ಟ್ರ ಧ್ವನಿ. 'ಮೊದ್ಲು ಆ ಸೀಸೆ ಎಲ್ಲಿದೆ ನೋಡು' ಅಂದ್ರು. ಆಮೇಲೆ ಇನ್ನೊಬ್ರು ಪಿಸುಗುಟ್ಟಿದ್ರು. 'ಇವಳು ಇಲ್ಲೇ ಬಿದ್ದಿದಾಳೆ' ಅಂತ. ಅಷ್ಟೇ. ಆಮೇಲೆ ಯಾರೂ ಮಾತಾಡ್ಲಿಲ್ಲ. ಹೆಜ್ಜೆ ಸದ್ದು ಮಾತ್ರ."

"ಪಿಸುಮಾತು ಗಂಡಸಿಂದೋ ಹೆಂಗಸಿಂದೋ?"

"ಪಿಸುಮಾತಿಗೆ ಧ್ವನಿ ಎಲ್ಲಿರುತ್ತೆ ಮೇಡಂ?"

"ಅದೇ ನನಗೂ ಬೇಕಾಗಿದ್ದು," ಎಂದಳು ಇನ್ಸ್‌ಪೆಕ್ಟರ್. ಮಿದುಳಿನ ಹೋಳನ್ನು ಡಾಕ್ಟರ ಮುಂದೆ ಕುಕ್ಕಿದಳು. "ಕೆಳಗೊಬ್ಬ ಸತ್ತು ಬಿದ್ದಿದಾನೆ. ಅಂಥಾ ಹೊತ್ತಲ್ಲಿ ಪಕ್ಕದೋರ ನಿದ್ದೆ ಕೆಡಬಾರ್ದು ಅಂತ ಪಿಸುಗುಟ್ಟೋ ಸಜ್ಜನರು ಯಾರಪ್ಪಾ? ಕೂಗಾಡ್ಬೇಕಿತ್ತು, ಜನ ಸೇರಿಸ್ಬೇಕಿತ್ತು. ಪಿಸುಗುಟ್ಟಿದ್ದು ಇವರಿಗೆ ಧ್ವನಿ ಗುರುತು ಹತ್ತಬಾರ್ದು ಅಂತ. ಅಂದ್ರೆ ಎರಡು ಮಾತು. ಈಕೆ ಎಚ್ಚರವಾಗಿದಾಳೆ ಅಂತ ಆ ಮನುಷ್ಯರಿಗೆ ಗೊತ್ತಿತ್ತು. ಅವರ ಧ್ವನಿ ಈಕೆಗೆ ಗೊತ್ತಿತ್ತು."

ಹೇಳುತ್ತ ಅವಳು ಹೆಡ್ ನರ್ಸ್ ಕಡೆ ನೋಡಿದಳು. ನರ್ಸ್ ಕೈಯಲ್ಲಿನ ಮುಚ್ಚಳ ತಿರುಗುವುದು ನಿಂತಿತು.

ಡಾಕ್ಟರು ನಕ್ಕರು. "ಕಥೆ ಚೆನ್ನಾಗಿದೆ. ಆದ್ರೆ ಸತ್ಯ ಸಪ್ಪೆಯಾಗಿರುತ್ತೆ ಮೇಡಂ. ಅವನು ಕಾಲು ಜಾರಿ ಬಿದ್ದ. ಹಗಲೇ ಕುಡೀತಿದ್ದ ಮನುಷ್ಯ. ಕೆಲಸದಿಂದ ತೆಗೀಬೇಕು ಅಂತಿದ್ದೆ, ದೇವರೇ ತೆಗ್ದ."

ಟೈಲರ್ ಎದ್ದು ನಿಂತಳು.

"ಏನಂದ್ರಿ?"

"ಪುಟ್ಟಿ, ಕೂತ್ಕೋ."

"ನೀನು ಸುಮ್ನಿರಕ್ಕ. ಏನಂದ್ರಿ ನೀವು? ಕುಡೀತಿದ್ರಾ? ಅವರ ಮೂಗು ನನ್ನ ಹಣೆಯಿಂದ ಒಂದು ಗೇಣು ದೂರ ಇರ್ತಿತ್ತು, ಗಂಟೆಗಟ್ಟಲೆ. ಒಂದು ದಿನ ವಾಸನೆ ಬಂದಿಲ್ಲ. ಸತ್ತೋರು ಎದ್ದು ಬಂದು ಜವಾಬು ಕೊಡಲ್ಲ ಅಂತ ನಿಮ್ಮ ನಾಲಿಗೆಗೆ ಮೂಳೆ..."

ಮೊದಲು ದವಡೆ ಸಡಿಲಾಯಿತು. ಕೊನೆಯ ಮಾತು ಬಾಯಲ್ಲೇ ಕಲಸಿಹೋಯಿತು. ರೆಪ್ಪೆ ಇಳಿಯಿತು, ತಲೆ ಎರಡು ಸಲ ತೂಗಿತು, ಮೊಣಕಾಲು ಮಡಚಿತು. ನೆಲಕ್ಕೆ ತಾಗುವ ಮೊದಲೇ ಅಕ್ಕನ ಕೈ ತಲೆಯ ಕೆಳಗಿತ್ತು. ಎಷ್ಟು ಸಲ ಹಿಡಿದು ಪಳಗಿದ ಕೈಯೋ.

"ಮಲಗಿಸಿ ಹಿಂದೆ ಸರೀರಿ," ಎಂದಳು ಇನ್ಸ್‌ಪೆಕ್ಟರ್. "ಯಾರೂ ಮುಟ್ಬೇಡಿ."

ಹತ್ತು ನಿಮಿಷದ ಹಿಂದೆ ಜೀಪಿನಲ್ಲಿ ಬರುವಾಗ ಟೈಲರಳೇ ಈ ಮಾತು ತೆಗೆದಿದ್ದಳು. ನಾನು ಅವರೆದುರೇ ಬಿದ್ದರೆ ನೀವು ಏನಾದರೂ ಮಾತಾಡಿ, ಎದ್ದ ಮೇಲೆ ಒಪ್ಪಿಸುತ್ತೇನೆ ಎಂದಿದ್ದಳು. ಬೇಕೆಂದು ಬೀಳಲು ಬರುವುದಿಲ್ಲವಲ್ಲ ಎಂದು ಇನ್ಸ್‌ಪೆಕ್ಟರ್ ಕೇಳಿದಾಗ, ಡಾಕ್ಟರ ಮುಖ ನೋಡಿದರೆ ಸಾಕು ಎಂದಿದ್ದಳು.

ಡಾಕ್ಟರು ಬಗ್ಗಿ ಅವಳ ಉಸಿರು ಗಮನಿಸಿದರು. "ನೋಡಿ. ಮೊದಲ ಒಂದೆರಡು ಕ್ಷಣ ಎಚ್ಚರ. ಆಮೇಲೆ ಸೀದಾ ನಿದ್ದೆಗೆ ಜಾರ್ತಾರೆ. ಈಗ ಇವರಿಗೆ ಪ್ರಪಂಚ ಇಲ್ಲ."

"ಹೌದಾ?" ಇನ್ಸ್‌ಪೆಕ್ಟರ್ ಗೋಡೆಗೆ ಒರಗಿ, ಯಾರಿಗೂ ಅಲ್ಲ ಎಂಬಂತೆ ಹೇಳಿದಳು. "ನಮ್ಮ ಯಜಮಾನರ ಗೊರಕೆ ತಡೀಲಾರದೆ ಪಕ್ಕದ ಮನೆಯೋರು ಒಂದಿನ ಸ್ಟೇಷನ್ನಿಗೆ ಫೋನ್ ಮಾಡಿದ್ರು. ಫೋನ್ ಎತ್ತಿದ್ದು ನಾನೇ. ಕ್ರಮ ತಗೋತೀವಿ ಅಂತ ಹೇಳಿ ಇಟ್ಟೆ."

ಕಾನ್‌ಸ್ಟೇಬಲ್ ಕೆಮ್ಮಿದ. ನರ್ಸ್ ಕೈಯಿಂದ ಪೆನ್ನಿನ ಮುಚ್ಚಳ ಜಾರಿ ನೆಲದ ಮೇಲೆ ಟಕ್ಕೆಂದಿತು. ಡಾಕ್ಟರು ಮೂಗಿನೊಳಗೇ ಏನೋ ಗೊಣಗಿದರು.

ನೆಲದ ಮೇಲೆ ಒಂದು ಬೆರಳು ಅಲುಗಿತು, ಮುಂಗೈ ಅಲುಗಿತು. ಅಕ್ಕ ಎಬ್ಬಿಸಿ ಕೂರಿಸಿದಳು. ಟೈಲರ್ ಬಾಯಿ ಒರೆಸಿಕೊಂಡು ಡಾಕ್ಟರನ್ನೇ ನೋಡಿದಳು.

"ಗೊರಕೆ. ಪಕ್ಕದ ಮನೆಯೋರ ಫೋನು. ಎತ್ತಿದ್ದು ಮೇಡಮ್ಮೇ. ನರ್ಸಮ್ಮನ ಕೈಯಿಂದ ಏನೋ ಸಣ್ಣದು ಬಿತ್ತು. ನೀವು 'ದರಿದ್ರ' ಅಂದ್ರಿ. ನನಗೋ ಮೇಡಮ್ಮಿಗೋ ಗೊತ್ತಾಗ್ಲಿಲ್ಲ."

ಡಾಕ್ಟರ ಕಿವಿ ಕೆಂಪಾಯಿತು.

"ನನಗೆ ಯಾವಾಗ್ಲೂ ಕೇಳ್ಸುತ್ತೆ," ಎಂದಳು ಟೈಲರ್. "ಶಾಲೇಲಿ ಮೇಷ್ಟ್ರು ಕುಂಭಕರ್ಣನ ತಂಗಿ ಬಿದ್ಲು ಅಂತ ಎಲ್ಲರನ್ನೂ ನಗ್ಸಿದ್ದು ಕೇಳ್ಸ್ತು. ಮದುವೆ ಆಗ್ತೀನಿ ಅಂದೋನು ಹೆಣ ಕಟ್ಕೊಂಡ ಹಾಗಾಗುತ್ತೆ ಕಣೋ ಅಂತ ಸ್ನೇಹಿತನಿಗೆ ಹೇಳಿದ್ದೂ ಕೇಳ್ಸ್ತು. ನೆಲಕ್ಕೆ ಬಿದ್ದೋರ ತಲೆ ಮೇಲೆ ಜನ ನಿಜವಾದ ಮಾತಾಡ್ತಾರೆ ಡಾಕ್ಟ್ರೇ. ನೀವೂ ಅವತ್ತು ಆಡಿದ್ರಿ."

"ಇವತ್ತು ಎಚ್ಚರ ಇದ್ರೆ ಅವತ್ತೂ ಇದ್ರು ಅಂತ ಅಲ್ಲ," ಎಂದರು ಡಾಕ್ಟರು. ಆದರೆ ಪಾಠದ ಧ್ವನಿ ಹೋಗಿತ್ತು.

"ಸರಿ, ಕಿವಿ ವಿಚಾರ ಬಿಡೋಣ. ರಕ್ತದ ವಿಚಾರ ಮಾತಾಡೋಣ," ಎಂದಳು ಇನ್ಸ್‌ಪೆಕ್ಟರ್.

ಈ ಮಾತಿಗಾಗಿಯೇ ಅವಳು ಬೆಳಗಿನಿಂದ ಹಲ್ಲು ಕಚ್ಚಿಕೊಂಡಿದ್ದಳು. ತಂತಿ ಮಾಮನ ಪ್ಯಾಂಟಿನ ಜೇಬಿನಲ್ಲಿ ಒಂದು ರಕ್ತದ ಸೀಸೆ ಒಡೆದು ಬಟ್ಟೆಗೆ ಅಂಟಿತ್ತು. ಅದರ ಮೇಲಿನ ಚೀಟಿಯಲ್ಲಿ ಇದ್ದದ್ದು ಟೈಲರಳ ರೋಗಿ-ನಂಬರು. ಆ ರಕ್ತ ಎ ಗುಂಪಿನದು ಎಂದು ಪ್ರಯೋಗಾಲಯದವರು ಇವತ್ತು ಹೇಳಿದ್ದರು. ಟೈಲರಳದು ಓ.

"ಮಾತ್ರೆ ತಗೊಳ್ಳೋರ ಲಿವರ್ ಕೆಡಬಹುದು, ಅದಕ್ಕೇ ಆಗಾಗ ರಕ್ತ ಪರೀಕ್ಷೆ. ಕೆಟ್ಟಿದ್ರೆ ಮಾತ್ರೆ ಬಂದ್. ಇದು ನಿಮ್ಮದೇ ನಿಯಮ ಅಲ್ವಾ ಡಾಕ್ಟ್ರೇ? ಈಕೆ ರಿಪೋರ್ಟು ಪ್ರತಿ ಸಲ ಕನ್ನಡಿ ಹಾಗೆ ಸ್ವಚ್ಛ. ಮೊನ್ನೆ ಈಕೆ ಕಣ್ಣು ನೋಡಿದೆ, ಹಳದಿ. ಬೇರೆ ಆಸ್ಪತ್ರೆಗೆ ಕರ್ಕೊಂಡು ಹೋದೆ. ಇನ್ನೊಂದು ತಿಂಗಳು ಮಾತ್ರೆ ನುಂಗಿದ್ರೆ ನಾವು ಇವರನ್ನ ಉಳಿಸ್ಕೊಳ್ಳೋದು ಕಷ್ಟ ಇತ್ತು ಅಂದ್ರು ಅಲ್ಲಿ." ಅವಳು ಮೇಜಿನ ಮೇಲೆ ಎರಡೂ ಅಂಗೈ ಊರಿ ಬಗ್ಗಿದಳು. "ನಿಮ್ಮ ಹೊಸ ಔಷಧಿಗೆ ಒಂದು ಕಪ್ಪು ಚುಕ್ಕೆ ಬೀಳಬಾರ್ದು ಅಂತ ಒಂದು ಜೀವಾನ ಒಳಗಿಂದೊಳಗೇ ಕೊಳೆಸಿದ್ರಿ. ಅದನ್ನ ಕಂಡ್ಹಿಡಿದೋನು ಮೆಟ್ಟಿಲಿಂದ ಬಿದ್ದ. ಸೀಸೇಲಿರೋ ರಕ್ತ ಯಾರ್ದು?"

ಡಾಕ್ಟರು ಪ್ಲಾಸ್ಟಿಕ್ಕಿನ ಮಿದುಳನ್ನು ಪಕ್ಕಕ್ಕೆ ಸರಿಸಿದರು. ಇನ್ಸ್‌ಪೆಕ್ಟರ್ ನರ್ಸ್ ಕಡೆ ತಿರುಗಿದಳು.

"ರಕ್ತ ತೆಗೆಯೋದು ನೀವು. ಪಿಸುಗುಟ್ಟಿದ್ದೂ ನೀವೇ ಏನು?"

"ನಾನಲ್ಲ!" ನರ್ಸ್ ಸಿಡಿದಳು. ಹೆದರಿಕೆಗಿಂತ ಸಿಟ್ಟೇ ಹೆಚ್ಚಿತ್ತು. "ಆ ಹೊತ್ತಲ್ಲಿ ನಾನು ವಾರ್ಡಲ್ಲಿದ್ದೆ. ಎಲ್ಲ ನನ್ನ ತಲೆಗೆ ಕಟ್ಬೇಡಿ. ರಕ್ತ ತೆಗ್ದಿದೀನಿ, ಹೌದು. ಡಾಕ್ಟ್ರು ಯಾರ ತೋಳು ತೋರ್ಸಿದ್ರೋ ಅವರ ತೋಳಿಂದ ತೆಗ್ದಿದೀನಿ. ಆ ತೋಳು ಇದೇ ರೂಮಲ್ಲಿದೆ, ಕೇಳಿ."

ಟೈಲರ್ ನಿಧಾನವಾಗಿ ಅಕ್ಕನ ಕಡೆಗೆ ತಿರುಗಿದಳು. ಮುಖ ನೋಡಲಿಲ್ಲ, ಅಂಗಿ ನೋಡಿದಳು. ತಾನೇ ಹೊಲಿದ ಅಂಗಿ.

"ತುಂಬು ತೋಳು," ಎಂದಳು. "ಈ ಸೆಕೇಲಿ ಯಾಕಕ್ಕ ತುಂಬು ತೋಳು ಅಂತ ಕೇಳಿದ್ದೆ. ಬಿಸಿಲಿಗೆ ಕೈ ಕಪ್ಪಾಗುತ್ತೆ ಅಂದೆ."

"ಪುಟ್ಟಿ..."

"ತೋಳು ಏರಿಸು."

ಅಕ್ಕ ಏರಿಸಲಿಲ್ಲ. ಟೈಲರಳೇ ಅವಳ ಕೈ ಹಿಡಿದು ಗುಂಡಿ ಬಿಚ್ಚಿ ಬಟ್ಟೆಯನ್ನು ಮೇಲೆ ತಳ್ಳಿದಳು. ಮೊಣಕೈಯ ಮಡಿಕೆಯಲ್ಲಿ ಸೂಜಿಯ ಗುರುತುಗಳು. ಕೆಲವು ಹಳೆಯವು, ಒಂದರ ಸುತ್ತ ಇನ್ನೂ ಹಸಿರುಗಪ್ಪು.

"ಒಂದು ರಿಪೋರ್ಟು ಕೆಟ್ಟು ಬಂತು," ಅಕ್ಕ ತಗ್ಗಿದ ಧ್ವನಿಯಲ್ಲಿ ಹೇಳಿದಳು. "ಮಾತ್ರೆ ನಿಲ್ಲಿಸ್ಬೇಕಾಗುತ್ತೆ ಅಂದ್ರು. ಇನ್ನೊಂದು ದಾರಿ ಇದೆ ಅಂತಾನೂ ಅಂದ್ರು. ಸಣ್ಣ ಏರುಪೇರು, ತಾನಾಗೇ ಇಳಿಯುತ್ತೆ, ನಿಮ್ಮ ರಕ್ತ ಕೊಡಿ ಸಾಕು ಅಂದ್ರು."

"ನಂಬಿದ್ಯಾ?"

"ನಂಬ್ಬೇಕಿತ್ತು ನನಗೆ!" ಅಕ್ಕನ ಧ್ವನಿ ಒಮ್ಮೆಲೇ ಏರಿತು. "ನೀನು ಬಿದ್ದಾಗೆಲ್ಲ ಎತ್ತಿದೋಳು ನಾನು. ಸ್ನಾನದ ಮನೇಲಿ, ಬಸ್ಸಲ್ಲಿ, ರಸ್ತೆ ನಡುವೆ. ಅವತ್ತು ನೀನು ನಕ್ಕೆ ನೋಡು, ಬೀಳದೆ ನಕ್ಕೆ. ಅಡುಗೆಮನೇಲಿ ಬಾಗ್ಲು ಹಾಕ್ಕೊಂಡು ಅತ್ತೆ ನಾನು. ಅದನ್ನ ನಾನೇ ನನ್ನ ಕೈಯಾರೆ ನಿಲ್ಲಿಸ್ಬೇಕಿತ್ತಾ?"

"ನನ್ನನ್ನ ಕೇಳ್ಬೇಕಿತ್ತು!" ಟೈಲರ್ ಕುರ್ಚಿ ಹಿಡಿದು ಎದ್ದಳು. "ಒಂದು ಮಾತು, ಒಂದೇ ಒಂದು ಮಾತು ಕೇಳ್ಬೇಕಿತ್ತು ಕಣೇ! ನಿದ್ದೇಲಿರ್ಲಿ ಎಚ್ಚರ ಇರ್ಲಿ, ಈ ಮೈ ನಂದು. ಮೇಷ್ಟ್ರು ಕೇಳ್ಲಿಲ್ಲ, ಡಾಕ್ಟ್ರು ಕೇಳ್ಲಿಲ್ಲ. ನೀನೂ?"

"ಒಂದು ನಿಮಿಷ." ಇನ್ಸ್‌ಪೆಕ್ಟರ್ ನಡುವೆ ಬಂದಳು. ಟೈಲರ್ ಎಚ್ಚರವಾಗಿದ್ದಾಳೆಂದು ತಿಳಿದಿದ್ದವರು. ಅವಳಿಗೆ ಧ್ವನಿ ಗುರುತಿದ್ದವರು. ಎರಡು ವಾರದಿಂದ ತಪ್ಪು ಹೆಂಗಸಿನ ಬೆನ್ನು ಹತ್ತಿದ್ದೆನಲ್ಲ ಎಂದು ತನ್ನ ಮೇಲೇ ಉರಿದುಹೋಯಿತು. "ಅವತ್ತು ತಂಗಿ ಜೊತೆ ನೀವೂ ಬಂದಿದ್ರಿ ಅಲ್ವಾ? ಚೀರಿದ ಸದ್ದು ಕೇಳಿದಾಗ ನೀವೆಲ್ಲಿದ್ರಿ?"

ಅಕ್ಕ ಡಾಕ್ಟರ ಕಡೆ ನೋಡಿದಳು. ಡಾಕ್ಟರು ಕಿಟಕಿಯ ಕಡೆ ನೋಡಿದರು.

"ಅಕ್ಕ," ಎಂದಳು ಟೈಲರ್. ದವಡೆ ಆಗಲೇ ಸಡಿಲಾಗತೊಡಗಿತ್ತು. "ಮೆಟ್ಟಿಲ ಹತ್ರ... ಅದು ನೀನಾ..."

ಈ ಸಲ ಬಿದ್ದ ರಭಸಕ್ಕೆ ಕುರ್ಚಿಯೂ ಉರುಳಿತು. ಅಕ್ಕ ಹಿಡಿದಳು. ಹಿಡಿದವಳು ಹಾಗೇ ನೆಲಕ್ಕೆ ಮಂಡಿಯೂರಿ, ತಂಗಿಯ ತಲೆಯನ್ನು ಎದೆಗಪ್ಪಿಕೊಂಡು, ಕಿವಿಗೆ ಬಾಯಿ ತಾಗಿಸಿ ಮಾತಾಡತೊಡಗಿದಳು.

"ಏಯ್! ಬಿಡಿ! ದೂರ ಬನ್ನಿ!"

ಇನ್ಸ್‌ಪೆಕ್ಟರ್ ಅವಳ ಹೆಗಲು ಹಿಡಿದು ಎಳೆದಳು. ಕಾನ್‌ಸ್ಟೇಬಲ್ ಮೊಬೈಲನ್ನು ಒಂದು ಕೈಯಲ್ಲಿ ಎತ್ತಿ ಹಿಡಿದೇ ಓಡಿ ಬಂದ. ಇಬ್ಬರೂ ಸೇರಿ ಬಿಡಿಸುವ ಹೊತ್ತಿಗೆ ಹೇಳಬೇಕಾದ್ದನ್ನು ಅವಳು ಹೇಳಿ ಮುಗಿಸಿದ್ದಳು. ಗೋಡೆಗೆ ಒರಗಿ ಕೂತು ತಂಗಿಯ ಮುಖವನ್ನೇ ನೋಡತೊಡಗಿದಳು.

"ಏನು ಹೇಳಿದ್ರಿ ಅವಳಿಗೆ?"

ಅಕ್ಕ ಏರಿಸಿದ್ದ ತೋಳನ್ನು ಕೆಳಗೆಳೆದು ಗುಂಡಿ ಹಾಕಿಕೊಂಡಳು.

ಟೈಲರಳ ಅರೆತೆರೆದ ಕಣ್ಣಿನ ಅಂಚಿನಿಂದ ನೀರು ಇಳಿದು ಕಿವಿಯ ಕಡೆಗೆ ಹರಿಯಿತು. ಮೈ ಅಲುಗದಿದ್ದರೂ ಕಣ್ಣೀರಿಗೆ ತಡೆಯಿರಲಿಲ್ಲ. ಅದನ್ನು ಇನ್ಸ್‌ಪೆಕ್ಟರ್ ಕಂಡಳು. ಡಾಕ್ಟರೂ ಕಂಡರು.

ಬೆರಳು ಅಲುಗಿತು. ಕುತ್ತಿಗೆ ಹಿಡಿತಕ್ಕೆ ಬಂತು. ಟೈಲರ್ ಯಾರ ಸಹಾಯವೂ ಇಲ್ಲದೆ ಎದ್ದು ಕೂತು, ಕೆನ್ನೆ ಒರೆಸಿಕೊಂಡು, ಉರುಳಿದ ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿದಳು.

ಇನ್ಸ್‌ಪೆಕ್ಟರ್ ಅವಳೆದುರು ಕುಕ್ಕರಗಾಲಲ್ಲಿ ಕೂತಳು. "ಹೇಳಿ. ಏನಂದ್ರು ನಿಮ್ಮಕ್ಕ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಕೇಳ್ಸ್ಲಿಲ್ಲ ಮೇಡಂ. ನಿದ್ದೆ ಬಂದ್ಬಿಟ್ಟಿತ್ತು."

ಇನ್ಸ್‌ಪೆಕ್ಟರಳ ಕೈ ತಾನಾಗಿ ಮುಷ್ಟಿಯಾಯಿತು. "ಏನ್ರೀ ಹೇಳ್ತಿದೀರ? ಈಗಷ್ಟೇ ಇಡೀ ರೂಮಿನ ಮುಂದೆ..."

"ಮೊದಲ್ನೇ ಸಲ ಎಚ್ಚರ ಇದ್ದೆ. ಈ ಸಲ ಇರ್ಲಿಲ್ಲ." ಟೈಲರ್ ಅಕ್ಕನ ಕಡೆ ನೋಡಲಿಲ್ಲ, ಕಾನ್‌ಸ್ಟೇಬಲ್ ಹಿಡಿದಿದ್ದ ಮೊಬೈಲನ್ನು ನೋಡಿ ಒಂದೊಂದೇ ಪದವನ್ನು ಹಲ್ಲಿನ ನಡುವಿನಿಂದ ಬಿಟ್ಟಳು. "ಅವತ್ತು ಮೆಟ್ಟಿಲ ಹತ್ರಾನೂ ಇರ್ಲಿಲ್ಲ. ಯಾರ ಧ್ವನೀನೂ ಕೇಳಿಲ್ಲ ನಾನು. ಬರ್ಕೊಳ್ಳಿ ಮೇಡಂ, ಎಲ್ಲಿ ಸೈನ್ ಹಾಕ್ಬೇಕು ಹೇಳಿ."